ಹಿಂದಕ್ಕೆ ತಿರುಗದ ಗಾಲಿ

ಗರಗಸದ ಮಷೀನಿಗೆ ಕೊಟ್ಟ ತೇಗದ ಹಲಗೆ ಹಿಂದಕ್ಕೆ ಚಿಮ್ಮಿ, ನನ್ನ ಪಕ್ಕೆ ಸವರಿಕೊಂಡು ಹೋಗಿ ತಗಡಿನ ಬಾಗಿಲಿಗೆ ಬಡಿಯಿತು. ಒಳಗೆ ಹೊಲಿಗೆ ಮಷೀನಿನ ಮುಂದೆ ಕುಳಿತಿದ್ದ ಹೆಂಡತಿ ಓಡಿ ಬಂದಳು.

"ನನ್ನ ಮಷೀನಿಗೆ ಅರಿವಿ ಒತ್ತಿ ಹಿಡ್ಯಾಕ ಒಂದು ಸಾಮಾನ ಐತಿ. ನಿಮ್ಮ ಗರಗಸಕ್ಕ ಏನೂ ಇಲ್ಲೇನ್ರಿ?"

"ನನ್ನ ಕೈ ಅದಾವಲ್ಲ" ಎಂದೆ. ಆಕೆ ಬಾಗಿಲ ತಗಡಿನಲ್ಲಿ ಬಿದ್ದ ತಗ್ಗನ್ನು ಬೆರಳಿಂದ ತೋರಿಸಿದಳು.

ಮರುದಿನ ಬೈಲಹೊಂಗಲದ ಅಂಗಡಿಯಲ್ಲಿ ನಾನು ಹಲಗೆ ಒತ್ತಿ ಹಿಡಿಯುವ ಹಣಿಗೆಯಂಥ ಪ್ಲಾಸ್ಟಿಕ್ ಪಟ್ಟಿ ಆರಿಸಿದೆ. ಆಕೆ ಮಾತ್ರ ಹಲಗೆಯನ್ನು ಮೇಲಿಂದ ಒತ್ತುವ ರಬ್ಬರ್ ಗಾಲಿಗಳ ಜೋಡಿಯೊಂದನ್ನು ಹೆಬ್ಬೆರಳಿನಿಂದ ತಿರುಗಿಸಿ ನೋಡಿದಳು. ಗಾಲಿ ಮುಂದಕ್ಕೆ ತಿರುಗಿತು, ಹಿಂದಕ್ಕೆ ಜಪ್ಪಯ್ಯ ಅಂದರೂ ತಿರುಗಲಿಲ್ಲ. "ಇದನ್ನ ಕೊಡ್ರಿ" ಎಂದಳು ಅಂಗಡಿಯವರಿಗೆ.

ಮೊದಲೆಲ್ಲ ನಾನು ಗರಗಸ ಚಾಲೂ ಮಾಡಿದರೆ ಒಳಗೆ ಆಕೆ ಹೊಲಿಗೆ ನಿಲ್ಲಿಸಿ ಕೂಡುತ್ತಿದ್ದಳು. ಯಾಕೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಗಾಲಿ ಹಾಕಿದ ಮೇಲೆ ಈಗ ಎರಡೂ ಮಷೀನು ಕೂಡಿಯೇ ನಡೆಯುತ್ತವೆ.