ದೊರೆಸಾನಿಯ ಬುಟ್ಟಿ, ನನ್ನ ಚಕ್ಕುಲಿ

ನನ್ನ ಓದು ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಆದರೂ ಜಪಾನಿನ ಈ ಫುನಾಬೊರಿಯ ಭಾನುವಾರದ ಕನ್ನಡ ತರಗತಿಗೆ ಮೊಮ್ಮಗಳ ಭಾಷಣ ಬರೆದುಕೊಡುವವನು ನಾನೇ. ಈ ಸಲ ಚೀಟಿ ಎತ್ತಿದಾಗ ಅವಳ ಪಾಲಿಗೆ ಬಂದವಳು ಹದಿನೆಂಟನೇ ಶತಮಾನದ ಜರ್ಮನಿಯ ಒಬ್ಬ ದೊರೆಸಾನಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಔಷಧಿ ಗಿಡ ಬೆಳೆಸಿ ರೋಗಿಗಳಿಗೆ ತಾನೇ ಕಷಾಯ ಕಾಯಿಸುತ್ತಿದ್ದಳಂತೆ, ಹೆಣ್ಣುಮಕ್ಕಳಿಗೆ ಶಾಲೆ ತೆರೆದಳಂತೆ. ರೊಟ್ಟಿಯ ಬುಟ್ಟಿಯನ್ನು ಬಡವರ ಹಿತ್ತಿಲ ಬಾಗಿಲಲ್ಲಿಟ್ಟು ಹೆಸರು ಹೇಳದೆ ಬರುತ್ತಿದ್ದಳಂತೆ. ಸೊಸೆ ಓದಿ ಹೇಳಿದಳು, ನಾನು ಬರೆದೆ.

‘ಕೊಟ್ಟದ್ದಕ್ಕೆ ಪ್ರತಿಯಾಗಿ ಅವಳು ಏನನ್ನೂ ಪಡೆಯಲಿಲ್ಲ’ ಎಂಬಲ್ಲಿಗೆ ಬಂದಾಗ ಮೊಮ್ಮಗಳು ಹೆಗಲ ಮೇಲಿಂದ ಇಣುಕಿದಳು.

“ಬಟ್ ಅಜ್ಜ, ನಿಮಗೆ ಗ್ರೇಪ್ಸ್ ಬರತ್ತಲ್ವಾ?”

ಪೆನ್ನು ಅಲ್ಲೇ ನಿಂತಿತು.

ಪಕ್ಕದ ಫ್ಲ್ಯಾಟಿನಲ್ಲಿ ಒಂಟಿಯಾಗಿರುವ ಜಪಾನಿ ಅಜ್ಜಿಗೆ ನಾನು ಪ್ರತಿ ಶನಿವಾರ ಚಕ್ಕುಲಿ ಕೊಡುತ್ತಿದ್ದೆ. ಮೊದಲ ಸಲ ಕೊಟ್ಟ ಮರುದಿನವೇ ಪೀಚ್ ಹಣ್ಣು ಬಂತು. ಪುಣ್ಯದ ಫಲ ಇಷ್ಟು ಬೇಗ, ಅದೂ ಬಣ್ಣದ ಕಾಗದ ಸುತ್ತಿಕೊಂಡು ಬಂದದ್ದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

“ಮಾವ, ಇಲ್ಲಿ ಏನಾದ್ರೂ ತಗೊಂಡ್ರೆ ವಾಪಸ್ ಕೊಡ್ಲೇಬೇಕು ಅನ್ನೋ ಪದ್ಧತಿ. ಪಾಪ, ಅವರಿಗ್ಯಾಕೆ ಟೆನ್ಷನ್ ಕೊಡ್ತೀರಾ?” ಎಂದು ಸೊಸೆ ಎಚ್ಚರಿಸಿದ್ದಳು. ನಾನು ಚಕ್ಕುಲಿ ಒರಳು ಕೆಳಗಿಡಲಿಲ್ಲ.

ಕಳೆದ ತಿಂಗಳು ಒಂದು ಸಂಜೆ ಸೂಪರ್‌ಮಾರ್ಕೆಟ್ಟಿನಲ್ಲಿ ಆ ಅಜ್ಜಿಯನ್ನು ಕಂಡೆ. ಮೀನಿನ ಡಬ್ಬಿಗಳಿಗೆ ಅರ್ಧ ಬೆಲೆಯ ಚೀಟಿ ಅಂಟಿಸುವುದನ್ನೇ ಕಾಯುತ್ತ ನಿಂತಿದ್ದರು. ಅವರ ಬುಟ್ಟಿಯಲ್ಲಿ ಪೂರ್ತಿ ಬೆಲೆಯ ದ್ರಾಕ್ಷಿ. ನಾನು ಮೂಲಂಗಿ ರಾಶಿಯ ಹಿಂದೆ ಅಡಗಿದೆ. ಮರುದಿನ ಆ ದ್ರಾಕ್ಷಿ ನಮ್ಮ ಮನೆಗೆ ಬಂತು. ತಿಂದೆ. ಅದರಲ್ಲಿ ಬೀಜವಿರಲಿಲ್ಲ, ನನ್ನಲ್ಲಿ ನಾಚಿಕೆ ಇರಲಿಲ್ಲ.

ಮೊಮ್ಮಗಳ ಪ್ರಶ್ನೆಯಾದ ಮೇಲೆ ದೊರೆಸಾನಿಯ ದಾರಿಯನ್ನೇ ಹಿಡಿದೆ. ಕೊಟ್ಟವರು ಯಾರೆಂದು ತಿಳಿಯದಿದ್ದರೆ ಹಿಂದಿರುಗಿಸುವ ಕಷ್ಟವೂ ಇಲ್ಲವಲ್ಲ! ಶನಿವಾರ ಚಕ್ಕುಲಿ ಚೀಲವನ್ನು ಅಜ್ಜಿಯ ಬಾಗಿಲ ಹಿಡಿಗೆ ತೂಗುಹಾಕಿ, ಈ ಮಂಡಿಗಳಲ್ಲಿ ಓಡಬಹುದಾದಷ್ಟು ಓಡಿ ಬಂದೆ.

ಸಂಜೆ ಪೀಚ್ ಹಣ್ಣಿನ ಸಮೇತ ಅಜ್ಜಿ ನಮ್ಮ ಬಾಗಿಲಲ್ಲಿದ್ದರು.

“ಇಡೀ ಕಾರಿಡಾರ್ ಇಂಗು ಸ್ಮೆಲ್ ಅಂತೆ, ಅಜ್ಜ” ಎಂದಳು ಮೊಮ್ಮಗಳು.

ಅಲ್ಲೇ ನಿಂತು ಎಲ್ಲವನ್ನೂ ಒಪ್ಪಿಕೊಂಡೆ, ಮೂಲಂಗಿಯ ಹಿಂದೆ ಅಡಗಿದ್ದನ್ನೂ ಸೇರಿಸಿ. ಮೊಮ್ಮಗಳು ಅದನ್ನು ಜಪಾನಿಯಲ್ಲಿ ಹೇಳುತ್ತ ಹೋದಳು. ಕ್ಷಮೆ ಕೇಳುವ “ಸುಮಿಮಾಸೆನ್” ಒಂದನ್ನು ಮಾತ್ರ ನಾನೇ ಹೇಳಿ ಬಗ್ಗಿದೆ. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು ಏನೋ ಹೇಳಿದರು.

“ಅವರದು ಕಟ್ಟಿಸಿದ ಹಲ್ಲಂತೆ. ನಿಮ್ಮ ಚಕ್ಕುಲಿ ಒಂದೂ ತಿಂದಿಲ್ವಂತೆ. ಎಲ್ಲಾ ಕ್ಲಿನಿಕ್ ನರ್ಸ್‌ಗಳಿಗೆ ಕೊಟ್ಬಿಡ್ತಾರಂತೆ.”

“ಅಯ್ಯೋ, ಮೊದಲೇ ಹೇಳಬಾರದಿತ್ತಾ?”

“ನೀವು ಅಷ್ಟು ಹ್ಯಾಪಿಯಾಗಿ ಕೊಡ್ತಿದ್ರಿ, ಹೇಗೆ ಹೇಳೋದು ಅಂತೆ.”

“ಈಗ ನಾನೇನು ಮಾಡಲಿ, ಕೇಳು.”

“ಏನೂ ತರ್ಬೇಡಿ, ಸುಮ್ನೆ ಬನ್ನಿ ಅಂತೆ.”

ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಕಲಿತು ಬೆಳೆದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ಆದರೂ ಶನಿವಾರ ತಪ್ಪದೆ ಹೋಗುತ್ತೇನೆ. ಅಜ್ಜಿ ಬಾಗಿಲು ತೆರೆದು ಮೊದಲು ನೋಡುವುದು ನನ್ನ ಕೈಗಳನ್ನು. ಎರಡನ್ನೂ ಬಿಚ್ಚಿ ತೋರಿಸುತ್ತೇನೆ. ಆಮೇಲೇ ಒಳಗೆ ಬಿಡುತ್ತಾರೆ.