ಬ್ರೇಕಿನಿಂದ ಶುರು ಮಾಡಿದ ಜವರಪ್ಪ

ಜವರಪ್ಪನವರ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ಪಾದಗಳು. ಅಣ್ಣ ಕೊಂಡು ತಂದಿದ್ದ ಹಳೇ ಪಿಕಪ್ ಗಾಡಿಯ ಅಡಿಯಿಂದ ಎರಡೂ ಹೊರಗೆ ಚಾಚಿಕೊಂಡಿದ್ದವು, ಹಿಮ್ಮಡಿಯ ಬಿರುಕಿನ ತುಂಬ ಗ್ರೀಸು. ಕಾಫಿ ತಂದು ಕರೆದರೆ ಅಡಿಯಿಂದಲೇ ಉತ್ತರ ಬಂತು: "ಅಲ್ಲೇ ಮಡಗವ್ವ, ಬತ್ತೀನಿ." ಅವರು ಬರುವಷ್ಟರಲ್ಲಿ ಕಾಫಿ ಆರಿ, ಅದರೊಳಗೊಂದು ನೊಣ ಬಿದ್ದಿತ್ತು. ನೊಣವನ್ನು ಬೆರಳಲ್ಲಿ ಎತ್ತಿ ಹಾಕಿ ಸೊರ್ರನೆ ಕುಡಿದರು. ನನಗೆ ಮೈಯೆಲ್ಲ ಉರಿಯಿತು.

ಅವರು ಮಿರ್ಲೆ ಕಡೆಯವರು, ಹುಣಸೂರಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್. ಗಾಡಿಗೆ ಏನಾಗಿದೆ ಎಂದು ಅವರು ಯಾವತ್ತೂ ಕೇಳುತ್ತಿರಲಿಲ್ಲ. "ಏನ್ ಲೋಡ್ ಏರ್ತೀರಿ? ಯಾವ್ ದಾರೀಲಿ ಓಯ್ತೀರಿ?" ಎನ್ನುವುದೇ ಮೊದಲ ಮಾತು. ಜೀಪಿನ ಹಾರ್ನು ಜೋರಾಗಿ ಕೇಳುವಂತೆ ಮಾಡಿಕೊಡಿ ಎಂದು ಬಂದ ಒಬ್ಬ ಸಾಹುಕಾರರಿಗೆ, "ಎತ್ತಿನ ಕೊರಳ ಗಂಟೆ ಕಟ್ಕೊಳ್ಳಿ, ಅಗ್ಗ ಆಯ್ತದೆ" ಎಂದು ಹೇಳಿ ಕಳಿಸಿದ್ದರಂತೆ. ಅಹಂಕಾರ ಬೇಕಾದಷ್ಟಿತ್ತು. ಕೆಲಸದ ಮಧ್ಯೆ ಯಾರಾದರೂ ಬಾಯಿ ಹಾಕಿದರೆ ಸ್ಪ್ಯಾನರನ್ನು ಅವರ ಕೈಗೇ ಕೊಟ್ಟು, ಮರದ ನೆರಳಿಗೆ ಹೋಗಿ ಕೂತುಬಿಡುತ್ತಿದ್ದರು.

ನಮ್ಮೂರು ಹೆಗ್ಗಡದೇವನಕೋಟೆಯ ಆಚೆ, ಕಪಿಲೆಯ ದಂಡೆಯಲ್ಲಿತ್ತು. ಹೊಸದಾಗಿ ಕಟ್ಟಿದ ಅಣೆಕಟ್ಟೆಯ ಹಿನ್ನೀರು ಊರಿನತ್ತ ಏರಿ ಬರುತ್ತಿದ್ದ ಮಳೆಗಾಲ ಅದು. ಊರವರು ಹೆಂಚು, ತೊಲೆ, ಬಾಗಿಲುವಾಡ ಕಿತ್ತು ಗಾಡಿಗೆ ಹೇರಿಕೊಂಡು ಹೋಗುತ್ತಿದ್ದರು. ನಾವು ಮಾತ್ರ ಕದಲುವಂತಿರಲಿಲ್ಲ. ಅತ್ತಿಗೆ ತುಂಬು ಬಸುರಿ. ಹಿಂದೆ ಎರಡು ಸಲ ಮಗು ದಕ್ಕಿರಲಿಲ್ಲ. ಈ ಸಲ ಹೆರಿಗೆಯವರೆಗೂ ಮೈ ಅಲುಗಬಾರದು, ಮಲಗಿಸಿಕೊಂಡೇ ಕೋಟೆ ಆಸ್ಪತ್ರೆಗೆ ಕರೆತನ್ನಿ ಎಂದು ನರ್ಸಮ್ಮ ಹೇಳಿದ್ದರು. ಎತ್ತಿನ ಗಾಡಿಯ ಕುಲುಕಾಟ ಆಗದು. ಮಂಚದ ಮೇಲೆ ಹೊತ್ತುಕೊಂಡು ಹೋಗೋಣವೆಂದರೆ, ಹೋದ ಸಲ ಹೊತ್ತವನೊಬ್ಬ ಕೆಸರಲ್ಲಿ ಜಾರಿ ಬಿದ್ದದ್ದನ್ನು ಅಣ್ಣ ಮರೆತಿರಲಿಲ್ಲ. ಬಾಡಿಗೆ ಲಾರಿಯವರು ಮಳೆಗಾಲದಲ್ಲಿ ಆ ದಾರಿಗೆ ಬರಲು ಒಪ್ಪಲಿಲ್ಲ. ಅದಕ್ಕೇ ಪಿರಿಯಾಪಟ್ಟಣದ ಕಡೆಯ ತೋಟವೊಂದರಲ್ಲಿ ಕೋಳಿಗಳಿಗೆ ಗೂಡಾಗಿ ನಿಂತಿದ್ದ ಆ ಪಿಕಪ್ಪನ್ನು ಅಣ್ಣ ಲಾರಿಗೆ ಕಟ್ಟಿ ಎಳೆಸಿ, ಮಳೆ ಹಿಡಿಯುವ ಮೊದಲೇ ಮನೆ ಮುಂದೆ ತಂದು ನಿಲ್ಲಿಸಿದ್ದ.

ಎಲ್ಲಿಂದ ಶುರು ಮಾಡುವುದು ಎನ್ನುವುದಕ್ಕೇ ಜಗಳ ಹತ್ತಿತು. ಅಣ್ಣನಿಗೆ ಇಂಜಿನ್ ಗುಡುಗುವುದನ್ನು ಕೇಳುವ ಆತುರ. ಜವರಪ್ಪನವರು ಬಾನೆಟ್ ಕಡೆ ತಲೆ ಹಾಕಲಿಲ್ಲ. ಚಕ್ರ ಬಿಚ್ಚಿದರು. ಕುಲುಕು ತಡೆಯುವ ಕಮಾನು ಪಟ್ಟಿಗಳನ್ನು ಉಜ್ಜಿ ಎಣ್ಣೆ ಹಚ್ಚಿದರು. ಬ್ರೇಕಿನ ಡ್ರಮ್ಮುಗಳನ್ನು ಹಿತ್ತಲ ಕಲ್ಲಿನ ಮೇಲೆ ಮಡಗಿ ದಿನಗಟ್ಟಲೆ ತಿಕ್ಕಿದರು. ಲೈನರ್ ಬೇಕೆಂದು ಮೈಸೂರಿಗೆ ಹೋದವರು ಬರಿಗೈಲಿ ಬಂದು, ಮತ್ತೆ ಹೋದರು. ಅಣ್ಣ ಕೇಳಿದಾಗಲೆಲ್ಲ ಒಂದೇ ಮಾತು: "ಇಂಜಿನ್ ಆಮ್ಯಾಕೆ ಬುಡಿ ಗೌಡ್ರೇ." ಅಷ್ಟರಲ್ಲಿ ನೀರು ಕೆಳಗಿನ ಗದ್ದೆಗಳಿಗೆ ಬಂದಿತ್ತು. ನಾನು ದಿನಾ ಬೆಳಿಗ್ಗೆ ಎದ್ದು ಮೊದಲು ಹಳ್ಳ ನೋಡಿ ಬರುತ್ತಿದ್ದೆ. ಕೋಟೆಗಿದ್ದ ಒಂದೇ ದಾರಿ ಅದನ್ನು ದಾಟಿಯೇ ಹೋಗುತ್ತಿತ್ತು.

ಹಳ್ಳದ ನೀರು ಮೊಣಕಾಲಿಗೆ ಬಂದ ದಿನ ಅಣ್ಣನೇ ಬಾನೆಟ್ ಎತ್ತಲು ಹೋದ. ಜವರಪ್ಪನವರು ಅಡ್ಡ ನಿಂತರು.

"ಇದು ಇನ್ ಓಡಾಕಿಲ್ಲ ಕಣ್ರೀ. ಇಂಜಿನ್ ಬ್ಲಾಕೇ ಸೀಳೋಗದೆ. ಮೊದಲ್ನೇ ದಿನಾನೇ ಅಡೀಲಿ ಮಲಗಿ ನೋಡಿದ್ದೆ."

ಅಣ್ಣ ಜ್ಯಾಕಿನ ರಾಡು ಎತ್ತಿಕೊಂಡ. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಒಂದೇಟು ಬೀಳಲಿ ಎಂದೇ ನನಗೂ ಅನ್ನಿಸಿತು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಎಂದು ಕಿರುಚಿದೆ.

"ಏಳಿದ್ರೆ ನೀವು ಅವತ್ತೇ ಗಾಡಿ ಕೈಬುಡ್ತಿದ್ರಿ. ಇಂಜಿನ್ ಇಲ್ದಿದ್ರೆ ಎತ್ತು ಕಟ್ಬೋದು ತಾಯಿ. ಬ್ರೇಕ್ ಇಲ್ದಿದ್ರೆ ಯಾರ್ನ ಕಟ್ತೀರಿ?" ಎಂದವರೇ ಅಣ್ಣನ ಕಡೆ ತಿರುಗಿ, "ಒಡೆಯೋದಾದ್ರೆ ಸಂಜೆ ಒಡೀರಿ. ಈಗ ಎತ್ತು ತನ್ನಿ" ಎಂದರು.

ಅಣ್ಣ ರಾಡು ಎಸೆದು ಓಡಿದ. ಊರಲ್ಲಿ ಉಳಿದಿದ್ದ ಎರಡು ಜೊತೆ ಎತ್ತು ಬಂದವು. ನೊಗಕ್ಕೆ ಮಿಣಿ ಹಗ್ಗ ಹಾಕಿ ಬಂಪರಿಗೆ ಬಿಗಿದರು. ಹಿಂದೆ ಹುಲ್ಲು ಹಾಸಿ, ಅದರ ಮೇಲೆ ಹಗ್ಗದ ಮಂಚ ಇಟ್ಟು ಅತ್ತಿಗೆಯನ್ನು ಮಲಗಿಸಿದೆವು. ಅವಳ ತಲೆ ನನ್ನ ತೊಡೆಯ ಮೇಲೆ. ಜವರಪ್ಪನವರು ಸ್ಟೇರಿಂಗ್ ಹಿಡಿದರು. ಅಣ್ಣ ಎತ್ತುಗಳ ಮುಂದೆ ನಡೆದ.

ಹಳ್ಳಕ್ಕೆ ಇಳಿಯುವ ಇಳಿಜಾರು ನೆನೆದ ಜೇಡಿಮಣ್ಣು. ಎತ್ತಿನ ಗಾಡಿಗಾದರೆ ನೊಗಕ್ಕೂ ಗಾಡಿಗೂ ನಡುವೆ ಮರದ ಮೂಕಿ ಇರುತ್ತದೆ. ಇಲ್ಲಿದ್ದದ್ದು ಬರೀ ಹಗ್ಗ. ಗಾಡಿ ಮುಂದಕ್ಕೆ ನುಗ್ಗಿದರೆ ಎತ್ತುಗಳ ಮೇಲೇ, ಅಣ್ಣನ ಮೇಲೇ ಹೋಗುತ್ತಿತ್ತು. ಅರ್ಧ ಇಳಿದಾಗ ಹಿಂದಿನ ಜೊತೆಯಲ್ಲಿ ಬಲಗಡೆಯ ಎತ್ತು ಮಂಡಿಯೂರಿತು. ಮಿಣಿ ಸಡಿಲಾಯಿತು. ಗಾಡಿ ಒಂದು ಮೊಳ ಜಾರಿತು. ಅತ್ತಿಗೆ ನನ್ನ ಮಣಿಕಟ್ಟು ಹಿಡಿದ ಹಿಡಿತಕ್ಕೆ ಬಳೆ ಒಡೆಯಿತು. ಆಮೇಲೆ ಕಿರ್ರೆಂದು ಗಾಡಿ ನಿಂತಿತು. ಎತ್ತಿನ ಬಾಲ ಬಂಪರಿಗೆ ತಾಕುತ್ತಿತ್ತು. ಅಣ್ಣ ಅದನ್ನು ಎಬ್ಬಿಸಿ ನಿಲ್ಲಿಸುವವರೆಗೂ ಗಾಡಿ ಕದಲಲಿಲ್ಲ.

ಅಲ್ಲಿಂದ ಕೋಟೆಯವರೆಗೂ ದಾರಿಯುದ್ದಕ್ಕೂ ಏರಿಳಿತ. ನಿಂತು ನಿಂತು ಸಂಜೆಗೆ ಮುಟ್ಟಿದೆವು. ಕೆಲವು ದಿನಗಳಲ್ಲಿ ಅತ್ತಿಗೆ ಹೆಣ್ಣು ಮಗು ಹೆತ್ತಳು. ಮಗುವನ್ನು ತೋರಿಸಬೇಕೆಂದು ಅಣ್ಣ ಹುಣಸೂರಿಗೆ ಹೋದರೆ ಶೆಡ್ಡಿಗೆ ಬೀಗ ಬಿದ್ದಿತ್ತು. ಕೊಡಗಿನ ಯಾವುದೋ ತೋಟದ ಕೆಲಸಕ್ಕೆ ಹೋದರು ಎಂದು ಅಕ್ಕಪಕ್ಕದವರು ಹೇಳಿದರು. ವರ್ಷಗಳ ಮೇಲೆ, ಅಲ್ಲೇ ತೀರಿಕೊಂಡರೆಂಬ ಸುದ್ದಿ ಬಂತು. ಮಿರ್ಲೆಯಲ್ಲೂ ವಿಚಾರಿಸಿದೆವು, ಅವರ ಕಡೆಯವರು ಅನ್ನುವವರು ಯಾರೂ ಸಿಗಲಿಲ್ಲ. ಅವರಿಗೊಂದು ಒಳ್ಳೆ ಮಾತು ಆಡಲಾಗಲಿಲ್ಲವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ನಾನು ಅವರನ್ನು ಕಡೆಯದಾಗಿ ನೋಡಿದ್ದು ಆ ಸಂಜೆ, ಆಸ್ಪತ್ರೆಯ ಅಂಗಳದಲ್ಲಿ. ಅತ್ತಿಗೆಯನ್ನು ಮಂಚದ ಸಮೇತ ಇಳಿಸಿ ಒಳಗೆ ಮಲಗಿಸಿಯಾಗಿತ್ತು. ಎತ್ತು ಬಿಚ್ಚಿ ನೀರು ಕುಡಿಸಿಯೂ ಆಗಿತ್ತು. ಜವರಪ್ಪನವರು ಮಾತ್ರ ಇನ್ನೂ ಸ್ಟೇರಿಂಗ್ ಹಿಡಿದೇ ಕೂತಿದ್ದರು. ಅಣ್ಣ ಹತ್ತಿರ ಹೋದ. ಬ್ರೇಕ್ ಮೆಟ್ಟಿಕೊಂಡಿದ್ದ ಅವರ ಬಲಗಾಲು ತೊಡೆಯಿಂದ ಹಿಮ್ಮಡಿಯವರೆಗೂ ನಡುಗುತ್ತಿತ್ತು.

"ಅವ್ವನ್ನ ಒಳಕ್ಕೆ ಕರ್ಕೊಂಡೋದ್ರಾ ಗೌಡ್ರೇ?"

"ಹೂಂ ಜವರಪ್ಪ, ಮಲಗಿಸಿ ಆಯ್ತು."

"ಅಂಗಾರೆ ಕಾಲು ತಗೀಲಾ?"