ಮಸಿ ಓದುತ್ತಿದ್ದ ಕಿರುಬೆರಳು

ಅವರ ಬಲಗೈಯ ಕಿರುಬೆರಳು ಕಪ್ಪಗಿತ್ತು. ಉಳಿದ ಒಂಬತ್ತು ಬೆರಳುಗಳನ್ನು ಊಟಕ್ಕೆ ಮುಂಚೆ ಸೀಮೆಎಣ್ಣೆಯಲ್ಲೊಮ್ಮೆ, ಸೋಪಿನ ಪುಡಿಯಲ್ಲೊಮ್ಮೆ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ಈ ಒಂದು ಬೆರಳು ಮಾತ್ರ ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಮಸಿ ಅದರ ಗೆರೆಗೆರೆಯೊಳಗೂ ಇಳಿದು ಮನೆ ಮಾಡಿಕೊಂಡಿತ್ತು. ಬೆಳಿಗ್ಗೆ ಮೂರು ಬೆರಳಿನಿಂದ ಹಣೆಗೆ ವಿಭೂತಿ ಎಳೆಯುವಾಗ ಅವರು ಆ ಕಿರುಬೆರಳನ್ನು ಜೋಪಾನವಾಗಿ ಮಡಚಿಕೊಳ್ಳುತ್ತಿದ್ದರು.

ಅವರು ನಮ್ಮ ಮೇಸ್ತ್ರಿ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯ ಬದಿಗೆ, ಹುಣಸೆಮರದ ಕೆಳಗೆ ಅವರ ತಗಡಿನ ಶೆಡ್ಡು. ಡೀಸೆಲ್ ಗಾಡಿ ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಪೆಟ್ರೋಲ್ ಗಾಡಿ ತಂದವರಿಗೆ "ಅದು ಸೂಜಿ ದಾರದ ಕೆಲಸ, ಮುಂದ ಹೋಗ್ರಿ" ಎನ್ನುತ್ತಿದ್ದರು. ಡೀಸೆಲ್ ಗಾಡಿ ಬಂದರೆ ಮಾತೇ ಇಲ್ಲ. ಮಾಲೀಕ ರಾಮಾಯಣ ಶುರು ಮಾಡುವ ಮೊದಲೇ ಹಿಂದಕ್ಕೆ ಹೋಗಿ, ಕಿರುಬೆರಳನ್ನು ಸೈಲೆನ್ಸರಿನ ಬಾಯೊಳಗೆ ಒಂದು ಸುತ್ತು ಆಡಿಸಿ, ಸುಣ್ಣದ ಗೋಡೆಗೆ ಒತ್ತುತ್ತಿದ್ದರು. ಕೆಳಗೆ ಪೆನ್ಸಿಲ್ಲಿನಲ್ಲಿ 'ತಂಬ್ರಹಳ್ಳಿ ಟ್ರ್ಯಾಕ್ಟರ್', 'ಗುಡೇಕೋಟೆ ಟೆಂಪೋ' ಎಂದು ಬರೆಯುವುದು. ಆ ಗೋಡೆಯೇ ಅವರ ರೋಗಿಗಳ ಪಟ್ಟಿ. ಒಣಮಸಿಯೋ ಜಿಡ್ಡುಮಸಿಯೋ ನೋಡಿ, ಹೋದ ಸಲದ ಗುರುತಿನ ಪಕ್ಕ ಹೋಲಿಸಿ, ರೋಗ ಹೇಳಿಬಿಡುತ್ತಿದ್ದರು.

"ಗಾಡಿಯವ ಸುಳ್ಳು ಹೇಳ್ತಾನ, ಹೊಗಿ ಹೇಳಲ್ಲ" ಎಂಬುದು ಅವರ ನಿತ್ಯದ ಮಾತು. ಅದನ್ನು ಗಾಡಿಯವನ ಮುಖ ನೋಡಿಕೊಂಡೇ ಹೇಳುತ್ತಿದ್ದರು.

ನಾನು ದನದ ಡಾಕ್ಟರು. ತೊಂಬತ್ತರ ದಶಕದ ಕೊನೆಯಲ್ಲಿ ಆ ಸೀಮೆಗೆ ಬಂದಾಗ ಒಂದು ಹಳೇ ಜೀಪು ಕೊಂಡಿದ್ದೆ. ಅದರ ಸ್ಟಾರ್ಟರಿಗೆ ಜನ್ಮಜಾತ ಸೋಮಾರಿತನ. ಮೇಸ್ತ್ರಿ ಅದನ್ನು ನೋಡಿ ನನಗೆ ಎರಡು ಕಟ್ಟಪ್ಪಣೆ ಮಾಡಿದರು. ಒಂದು: "ಹಳ್ಳಿಗೆ ಹೋದ್ರ ಬಂದ್ ಮಾಡಬ್ಯಾಡ್ರಿ, ಮತ್ತ ಹೊಂಡಂಗಿಲ್ಲ." ಇನ್ನೊಂದು: "ಬಿಸಿ ವಾಸನಿ ಬಂತೋ, ಅಲ್ಲೇ ಬಂದ್ ಮಾಡಿ ಬಾನೆಟ್ ಎತ್ರಿ." ಹತ್ತು ವರ್ಷ ಇವೆರಡನ್ನೂ ಚಾಚೂ ತಪ್ಪದೆ ಪಾಲಿಸಿದೆ. ನಾನು ಕೊಟ್ಟಿಗೆಯಲ್ಲಿ ಎಮ್ಮೆ ನೋಡುತ್ತಿದ್ದರೆ ಹೊರಗೆ ಜೀಪು ಗುಡುಗುಡು ಎನ್ನುತ್ತಲೇ ಇರುತ್ತಿತ್ತು. ಆ ಸದ್ದು ಕೇಳಿಯೇ ಊರಿಗೆ ಡಾಕ್ಟರು ಬಂದದ್ದು ಗೊತ್ತಾಗುತ್ತಿತ್ತು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ಜೀಪು ಕೈಕೊಟ್ಟಿತು. ಬೆಂಗಳೂರಿನ ಭಾವ ತಾವು ಬಳಸಿದ ಪರದೇಶದ ಡೀಸೆಲ್ ಕಾರೊಂದನ್ನು ನನಗೆ ದಾಟಿಸಿದರು. ನಾನು ಅದನ್ನು ಸೀದಾ ಶೆಡ್ಡಿಗೆ ಒಯ್ದೆ. ಮೇಸ್ತ್ರಿ ಕಿರುಬೆರಳು ಹಾಕಿ ತಿರುವಿ ಗೋಡೆಗೆ ಒತ್ತಿದರು. ಏನೂ ಮೂಡಲಿಲ್ಲ. ಮತ್ತೊಮ್ಮೆ ಆಳಕ್ಕೆ ಹಾಕಿ ಒತ್ತಿದರು. ಗೋಡೆ ಬೆಳ್ಳಗೇ ಇತ್ತು.

"ಇದು ಡೀಸೆಲ್ಲೇ ಹೌದಲ್ರಿ ಡಾಕ್ಟ್ರ?" ಎಂದು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. ಕೊನೆಗೆ 'ಡಾಕ್ಟ್ರ ಕಾರು' ಎಂದು ಬರೆದು ಮೇಲೆ ಖಾಲಿ ಬಿಟ್ಟರು. ಎಂಜಿನ್ ಎಣ್ಣೆ ಬದಲಿಸಿ, ಚಹಾ ಕುಡಿಸಿ ಕಳಿಸಿದರು. ಆ ಖಾಲಿ ಜಾಗ ಮಾತ್ರ ಅವರ ತಲೆಯಲ್ಲಿ ಹುಳ ಬಿಟ್ಟಿತು.

ತಿಂಗಳೊಳಗೆ ಕಾರು ತನ್ನ ಆಟ ಶುರು ಮಾಡಿತು. ದಿನಕ್ಕೊಂದು ಸಲ ಫ್ಯಾನು ಬುಸುಗುಡುವುದು, ಕೆಳಗಿನಿಂದ ಕಾದ ಕಬ್ಬಿಣದ ವಾಸನೆ ಬರುವುದು, ಎದುರಿಗೊಂದು ಹಳದಿ ದೀಪ ಹತ್ತಿಕೊಳ್ಳುವುದು. ನಾನು ಅಪ್ಪಣೆಯಂತೆ ತಕ್ಷಣ ಬಂದ್ ಮಾಡಿ ಬಾನೆಟ್ ಎತ್ತಿ ನಿಲ್ಲುತ್ತಿದ್ದೆ. ಮೇಸ್ತ್ರಿ ಒಮ್ಮೆ ಎಣ್ಣೆಯ ಕಡ್ಡಿ ಎಳೆದು ನೋಡಿ ಕಣ್ಣು ಉಜ್ಜಿಕೊಂಡರು. "ಎಣ್ಣಿ ಕುಡಿಯೋ ಗಾಡಿ ಭಾಳ ನೋಡೀನಿ. ಎಣ್ಣಿ ಹೆಚ್ಚಾಗೋ ಗಾಡಿ ಇದ ಮೊದಲು! ಇದೇನು ಹಾಲು ಕೊಡ್ತೈತೇನ್ರಿ?"

ನಗುವುದು ನಿಂತದ್ದು ಗುಡೇಕೋಟೆಯ ದಾರಿಯಲ್ಲಿ. ಅಲ್ಲಿ ಒಬ್ಬ ಅಜ್ಜಿಯ ಹಸು ಕರು ಹಾಕಲಾರದೆ ಬೆಳಗಿನಿಂದ ಒದ್ದಾಡುತ್ತಿತ್ತು. ಏರಿನಲ್ಲಿ ಕಾರಿನ ಶಕ್ತಿಯೇ ಉಡುಗಿಹೋಯಿತು. ಆಮೆಯಂತೆ ತೆವಳಿ ನಿಂತೇಬಿಟ್ಟಿತು. ಹಿಂದೆ ಬಂದ ಮೊಪೆಡ್ಡೊಂದರ ಮೇಲೆ, ಮೇವಿನ ಹೊರೆಗೂ ಅದರ ಮಾಲೀಕನಿಗೂ ನಡುವೆ ಸಿಕ್ಕಿಕೊಂಡು, ಚೀಲ ತಬ್ಬಿಕೊಂಡು ಹೋದೆ. ಕರು ಉಳಿಯಿತು, ಹಸುವೂ ಉಳಿಯಿತು. ಇನ್ನೊಂದು ಹತ್ತು ನಿಮಿಷ ತಡವಾಗಿದ್ದರೆ ಎರಡೂ ಇರುತ್ತಿರಲಿಲ್ಲ. ಅಜ್ಜಿ ಕರುವಿನ ಮೈ ಒರೆಸುತ್ತ, "ಅಷ್ಟು ದೊಡ್ಡ ಕಾರು ಇಟಗೊಂಡು ಮೇವಿನ ಗಾಡ್ಯಾಗ ಬಂದ್ರಲ್ಲಪ್ಪಾ" ಎಂದಳು. ಸುತ್ತ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ. ನಂಬಿ ಕರೆದವರ ಮನೆಗೆ ಹೊತ್ತಿಗೆ ಮುಟ್ಟದಿದ್ದರೆ ನಾನು ಯಾವ ಸೀಮೆಯ ಡಾಕ್ಟರು?

ಕಾರನ್ನು ಎಳೆಸಿಕೊಂಡು ಶೆಡ್ಡಿಗೆ ತಂದಾಗ ಅಲ್ಲಿದ್ದ ಲಾರಿಯವರೆಲ್ಲ ಒಂದೇ ಮಾತು ಹೇಳಿದರು. ಸೈಲೆನ್ಸರಿನ ದಾರಿಯಲ್ಲಿ ಒಂದು ಡಬ್ಬಿ ಇದೆ, ಅದೇ ಕಟ್ಟಿಕೊಂಡಿದೆ, ಕತ್ತರಿಸಿ ಎಸೆದು ಬರೀ ಪೈಪು ಬೆಸೆಯಿರಿ. ನಾನೂ ಹೂಂ ಅಂದೆ. ಮೇಸ್ತ್ರಿ ಗ್ಯಾಸ್ ಕಟರ್ ಕೈಗೆ ತೆಗೆದುಕೊಂಡರು. ಕಾರಿನ ಕೆಳಗೆ ಮಲಗಿದರು. ಹಾಗೇ ಎದ್ದು ಬಂದರು.

"ಕಡಿಯೋದು ಅರ್ಧ ತಾಸಿನ ಕೆಲಸ ಡಾಕ್ಟ್ರ. ಆದ್ರ ಏನಾಗೈತಿ ಅಂತ ತಿಳೀದನ ಕಡದ್ರ ನಾ ಎಂಥಾ ಮೇಸ್ತ್ರಿ? ಕುಂಟೋ ದನ ತಂದ್ರ ನೀವು ಕಾಲು ಕಡೀತೀರೇನು? ನಾಳಿ ಒಂದಿನ ನಿಮ್ಮ ಜೋಡಿ ನಾನೂ ಬರ್ತೀನಿ."

ಮರುದಿನ ಶೆಡ್ಡಿಗೆ ಬೀಗ ಹಾಕಿ, ಒಗೆದ ಅಂಗಿ ತೊಟ್ಟು ನನ್ನ ಪಕ್ಕದಲ್ಲಿ ಕೂತರು. ರಾತ್ರಿಯಿಡೀ ತಣಿದಿದ್ದ ಕಾರು ಕುಂಟುತ್ತಾದರೂ ಹೊರಟಿತು; ಐದು ಹಳ್ಳಿ ಸುತ್ತಿದೆವು. ನಾನು ಎಲ್ಲಿ ಇಳಿದರೂ ಅವರು ಇಳಿಯಲಿಲ್ಲ. ನಾನು ರೂಢಿಯಂತೆ ಬಂದ್ ಮಾಡದೆ ಬಿಟ್ಟ, ಗುಡುಗುಡು ಎನ್ನುವ ಕಾರಿನೊಳಗೆ ಕಿವಿ ಕೊಟ್ಟು ಕೂತೇ ಇದ್ದರು. ಸಂಜೆ ಮರಳುವಾಗ ಫ್ಯಾನು ಬುಸುಗುಟ್ಟಿತು. ನಾನು ಬೇವಿನಮರದ ಕೆಳಗೆ ಬಂದ್ ಮಾಡಿ ಬಾನೆಟ್ ಎತ್ತಿದೆ.

"ಈ ಗಾಡಿಗೆ ಒಂದು ಪುಸ್ತಕ ಕೊಟ್ಟಿರಬೇಕಲ್ಲ, ಅದರಾಗ ಈ ಸದ್ದಿನ ಬಗ್ಗೆ ಏನು ಬರದಾರ, ಓದ್ರಿ" ಎಂದರು.

ಪುಸ್ತಕವಿತ್ತು. ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಡ್ಯಾಶ್‌ಬೋರ್ಡಿನ ಗೂಡಿನಲ್ಲಿಟ್ಟಿದ್ದೆ. ಇಂಗ್ಲಿಷು ನಾನು ಓದಿದೆ, ಅರ್ಥ ಅವರು ಬಿಡಿಸಿದರು. ಆ ಡಬ್ಬಿಯೊಳಗೆ ಸಣ್ಣ ಕಣ್ಣಿನ ಜಾಲರಿಯಿದೆ. ಮಸಿಯೆಲ್ಲ ಅಲ್ಲೇ ನಿಲ್ಲುತ್ತದೆ, ಹೊರಗೆ ಬರುವುದಿಲ್ಲ. ಜಾಲರಿ ತುಂಬಿದಾಗ ಎಂಜಿನ್ನು ತಾನೇ ಒಂದಿಷ್ಟು ಹೆಚ್ಚು ಡೀಸೆಲ್ ಬಿಟ್ಟು, ಡಬ್ಬಿ ಕಾಯಿಸಿ, ಮಸಿಯನ್ನು ಸುಟ್ಟುಕೊಳ್ಳುತ್ತದೆ. ಅದಕ್ಕೆ ಗಾಡಿ ಕಾಲು ಗಂಟೆ ಒಂದೇ ಸಮನೆ ಓಡಬೇಕು. ನಿಂತಲ್ಲೇ ಎಂಜಿನ್ ಓಡಿಸಿದರೆ ಮಸಿ ಬೇಗ ತುಂಬುತ್ತದೆ. ಸುಡುವಾಗ ಬಂದ್ ಮಾಡಿದರೆ ಮತ್ತೆ ಮೊದಲಿನಿಂದ ಸುಡಬೇಕು.

ಮೇಸ್ತ್ರಿ ಆ ಪುಟದ ಮೇಲೊಮ್ಮೆ ಕಿರುಬೆರಳು ಆಡಿಸಿದರು. ಆಮೇಲೆ ತೊಡೆ ತಟ್ಟಿಕೊಂಡು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು.

"ಡಾಕ್ಟ್ರ, ಗಾಡಿಗೆ ಏನೂ ಆಗಿಲ್ಲ. ನಿಮಗ ಆಗೈತಿ. ನಿಮಗ ಆಗಿರೋದು ನನ್ನಿಂದ! ಬಂದ್ ಮಾಡೋ ಹೊತ್ತಿಗೆ ಮಾಡಬ್ಯಾಡ್ರಿ ಅಂದೆ, ಮಾಡಬಾರದ ಹೊತ್ತಿಗೆ ಮಾಡ್ರಿ ಅಂದೆ. ಪಾಪ, ಅದು ಒಲಿ ಹಚ್ಚಿದಾಗೊಮ್ಮೆ ನೀವು ನೀರು ಸುರದೀರಿ. ಉರೀಲಾರದ ಡೀಸೆಲ್ಲು ಎಣ್ಣಿಗೆ ಇಳದೈತಿ, ಅದಕ್ಕ ಎಣ್ಣಿ ಏರೇತಿ. ಎಣ್ಣಿದೂ ಏನಾದ್ರೂ ಬರದಾರೇನು, ನೋಡ್ರಿ."

ನೋಡಿದೆ. ಬೂದಿ ಕಡಿಮೆ ಬಿಡುವ ಬೇರೆಯೇ ಎಣ್ಣೆ ಹಾಕಬೇಕೆಂದಿತ್ತು. ಮೇಸ್ತ್ರಿ ಹಾಕಿದ್ದು ಟ್ರ್ಯಾಕ್ಟರಿನ ಎಣ್ಣೆ.

"ಅದೂ ನನ್ನ ತಪ್ಪ" ಎಂದು ಗಲ್ಲ ಬಡಿದುಕೊಂಡರು. ನಲವತ್ತು ವರ್ಷ ಗಾಡಿ ನೋಡಿದ ಮನುಷ್ಯ ಬೇವಿನಮರದ ಕೆಳಗೆ ಅಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡದ್ದು ನನ್ನನ್ನು ನಾಚಿಸಿತು. ಕಣ್ಣೆದುರೇ ಇದ್ದ ಪುಸ್ತಕವನ್ನು ಬಿಚ್ಚಿಯೂ ನೋಡದ ವಿದ್ಯಾವಂತ ನಾನು. ಅದನ್ನು ಅವರು ಒಮ್ಮೆಯೂ ಆಡಿ ತೋರಿಸಲಿಲ್ಲ.

ದಾವಣಗೆರೆಯಿಂದ ಸರಿಯಾದ ಎಣ್ಣೆ ತರಿಸಿ ಹಾಕಿದ ದಿನ ಗುರುವಾರ. "ಮನಿಗೆ ಹೋಗಬ್ಯಾಡ್ರಿ, ಹಡಗಲಿಗೆ ನಡೀರಿ. ನಡುವ ಎಲ್ಲೂ ನಿಲ್ಸಂಗಿಲ್ಲ" ಎಂದು ಹತ್ತಿ ಕೂತರು. ಕೊಟ್ಟೂರಿನಲ್ಲಿ ಪರಿಚಯದವರು ಕೈ ಅಡ್ಡ ಹಿಡಿದರೆ ಮೇಸ್ತ್ರಿ ಕಿಟಕಿಯಿಂದ ತಲೆ ಹಾಕಿ, "ಒಳಗ ಉರೀತೈತಿ, ನಿಲ್ಸಂಗಿಲ್ಲ!" ಎಂದು ಕೂಗಿದರು. ಹೋಟೆಲಿನವನೊಬ್ಬ ಗಾಬರಿಯಾಗಿ ಕೊಡ ನೀರು ಹಿಡಿದು ನಮ್ಮ ಹಿಂದೆ ಓಡಿಬಂದ. ಹಡಗಲಿ ಮುಟ್ಟುವ ಮೊದಲೇ ಹಳದಿ ದೀಪ ಆರಿತು. ಮೇಸ್ತ್ರಿ ಆ ಆರಿದ ದೀಪಕ್ಕೆ ಕೈ ಮುಗಿದರು.

ಹೂವಿನ ಊರಿಗೆ ಬಂದದ್ದಕ್ಕೆ ಎಂದು ಹೆಂಡತಿಗೆ ಎರಡು ಮೊಳ ಮಲ್ಲಿಗೆ ಕೊಂಡರು. ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದು ತಂದರು. ಆ ತಾಯಿ ಬಾಗಿಲಲ್ಲೇ ಮೂಸಿ ನೋಡಿ, "ಏನ್ರಿ ಡಾಕ್ಟ್ರ, ಹಡಗಲಿ ಮಲ್ಲಿಗಿ ಅಂತಾರ, ಬರೇ ಡೀಸೆಲ್ ವಾಸನಿ ಹೊಡೀತೈತಿ!" ಎಂದು ರೇಗಿದರು. ರೇಗುತ್ತಲೇ ಮುಡಿದುಕೊಂಡರು.

ಅಲ್ಲಿಂದ ಎರಡು ವರ್ಷ ನಮ್ಮ ಗುರುವಾರವೂ ತಪ್ಪಲಿಲ್ಲ, ಆ ಎರಡು ಮೊಳ ಮಲ್ಲಿಗೆಯೂ ತಪ್ಪಲಿಲ್ಲ. "ಮಸಿ ಸುಡಾಕ ಹೋಗೋಣ ಬರ್ರಿ" ಎಂದು ಅವರೇ ಫೋನು ಮಾಡುತ್ತಿದ್ದರು. ಕಾರಿಗೆ ಪ್ರತಿ ವಾರ ಅಷ್ಟು ದೂರ ಬೇಕಿರಲಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ದಾರಿಯಲ್ಲಿ ಅವರು ಗಾಡಿಗಳ ಬಗ್ಗೆ ಹೇಳಿದ್ದು ಕಡಿಮೆ, ಗಾಡಿಯವರ ಬಗ್ಗೆ ಹೇಳಿದ್ದು ಹೆಚ್ಚು. ಅವರಿಂದ ಕಲಿತ ಒಂದು ಕೆಲಸವನ್ನು ನಾನು ಇಂದಿಗೂ ಬಿಟ್ಟಿಲ್ಲ. ದನಕ್ಕೆ ಸೂಜಿ ಚುಚ್ಚುವ ಮೊದಲು ಅದರ ದಿನ ಹೇಗೆ ಕಳೆಯುತ್ತದೆಂದು ಕೇಳುತ್ತೇನೆ. ಅದರಿಂದ ಬದುಕಿದ ಪ್ರಾಣಿಗಳೆಲ್ಲ ಮೇಸ್ತ್ರಿಯ ಹೆಸರಿಗೇ ಸೇರಬೇಕು.

ಒಂದು ಸೋಮವಾರ ಊಟ ಮಾಡಿ, ಶೆಡ್ಡಿನ ಮಂಚದ ಮೇಲೆ ಅಡ್ಡಾದವರು ಏಳಲಿಲ್ಲ. ಮೈ ತೊಳೆಸುವಾಗ ಆ ಕಿರುಬೆರಳನ್ನು ಬೆಳ್ಳಗೆ ಮಾಡಲು ಮನೆಯವರು ಬಹಳ ಒದ್ದಾಡಿದರು. ನಾನೇ ಸಾಕು ಬಿಡಿ ಎಂದೆ.

ಅದೇ ಗುರುವಾರ ಸಂಜೆ ಎಂದಿನಂತೆ ಕಾರು ಹತ್ತಿದೆ. ಎಲ್ಲೂ ನಿಲ್ಲಿಸದೆ ಹಡಗಲಿಗೆ ಹೋದೆ. ಕೈ ತನ್ನ ಪಾಡಿಗೆ ತಾನು ಎರಡು ಮೊಳ ಮಲ್ಲಿಗೆ ಕೊಂಡಿತು. ಅವರ ಮನೆಯ ಮುಂದೆ ಇಳಿದ ಮೇಲೆಯೇ ಏನು ಮಾಡಿದೆನೆಂದು ತಿಳಿದು ಮರಳಿ ಕಾರಿನ ಕಡೆ ತಿರುಗಿದೆ. ಅಷ್ಟರಲ್ಲಿ ಆ ತಾಯಿ ಬಾಗಿಲಿಗೆ ಬಂದಿದ್ದರು. ಹೂವಿನ ಪೊಟ್ಟಣ ನೋಡಿದರು. ಕೈ ಚಾಚಿ ಇಸಿದುಕೊಂಡು ಬಿಚ್ಚಿ, ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತರು.

"ಬರೇ ಹೂವಿನ ವಾಸನಿ ಬರ್ತೈತಲ್ರಿ ಡಾಕ್ಟ್ರ" ಎಂದರು.